ಬಲಗಡೆಯ ಎತ್ತು

"ಬುದ್ಧೀ, ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಅದು ನಿಜವೇ?" ಎಂದು ರುದ್ರಮುನಿ ಕೇಳಿದ.

ಮಠದ ಗುರುಗಳು ಮುಗುಳ್ನಕ್ಕರು. ಗಾದೆ ಹಿಡಿದು ಬಂದವನು ಗಾದೆಗಾಗಿಯೇ ಬಂದಿರುವುದಿಲ್ಲ ಎಂಬುದು ಅವರಿಗೆ ಗೊತ್ತು. "ಯಾರ ಗುಣ?" ಎಂದರು.

ರುದ್ರಮುನಿ ಒಳಗಿದ್ದುದನ್ನೆಲ್ಲ ಹೊರಹಾಕಿದ. ಮಠಕ್ಕೆ ನೀರು ಸೇದುವ ಕೊಟ್ರಯ್ಯ ಹುಟ್ಟು ಸೋಮಾರಿ. ನಾಲ್ಕು ಕೊಡ ಸೇದಿದರೆ ಐದನೆಯದನ್ನು ಬಾವಿಕಟ್ಟೆಯ ಮೇಲೇ ಬಿಟ್ಟು ಮಾಯವಾಗುತ್ತಾನೆ. ಹುಡುಕಿದರೆ, ರುದ್ರಮುನಿ ದಿನವೂ ಪುರಾಣ ಓದುವ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕೂತಿರುತ್ತಾನೆ. ನಾಲ್ಕಕ್ಷರ ಕಲಿತವನೇ, ಆದರೂ ನಾಚಿಕೆಯಿಲ್ಲ. ಬುದ್ಧಿ ಹೇಳಿದ್ದಾಯಿತು, ಬೈದದ್ದೂ ಆಯಿತು. ಇಂಥವನನ್ನು ಊರಿಗೆ ಕಳಿಸಿಬಿಡುವುದೇ ಮೇಲು. ತನ್ನ ಸ್ವಭಾವ ಹಾಗಲ್ಲ, ಹನ್ನೆರಡು ವರ್ಷದಲ್ಲಿ ಒಂದು ದಿನವೂ ಓದು ತಪ್ಪಿಸಿದವನಲ್ಲ. ಈ ಕೊನೆಯ ಮಾತನ್ನು ಅವನು ತುಸು ತಗ್ಗಿದ ದನಿಯಲ್ಲಿ ಹೇಳಿದ, ಆದರೆ ಹೇಳದೆ ಬಿಡಲಿಲ್ಲ.

ಊರಿನಲ್ಲಿ ಕೊಟ್ರಯ್ಯನಿಗೆ ತನ್ನವರೆನ್ನುವವರು ಯಾರೂ ಉಳಿದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಗುರುಗಳು ಒಂದು ಕತೆ ಹೇಳತೊಡಗಿದರು.

ಒಬ್ಬ ರೈತನಿದ್ದ. ಎತ್ತಿನ ಮೈಮೇಲಿನ ಸುಳಿ ನೋಡಿ ಅದರ ಗುಣ ಹೇಳುವುದರಲ್ಲಿ ಗಟ್ಟಿಗ. ಇದು ಸಾಧು, ಇದು ಹಾಯುತ್ತದೆ, ಇದು ಮೈಗಳ್ಳ ಎಂದು ಒಂದೇ ನೋಟಕ್ಕೆ ಹೇಳಿಬಿಡುತ್ತಿದ್ದ. ಆ ಚಟ ಎಷ್ಟು ಹತ್ತಿತ್ತೆಂದರೆ ಮನುಷ್ಯರಿಗೂ ಹಾಗೇ ಹೇಳುತ್ತಿದ್ದ. ಬೀಗರು ಅವನ ಎದುರು ಕೂರಲು ಅಂಜುತ್ತಿದ್ದರು.

ಬಿತ್ತನೆಯ ಹೊತ್ತಿಗೆ ಅವನ ಜೋಡೆತ್ತುಗಳಲ್ಲಿ ಎಡಗಡೆಯದು ಸತ್ತಿತು. ಉಳಿದದ್ದು ಬಲಗಡೆಯದು. ಅದನ್ನು ಅವನು ಅಪರಂಜಿ ಎಂದೇ ಕರೆಯುತ್ತಿದ್ದ. ಅದಕ್ಕೆ ಜತೆಯಾಗಲೆಂದು ಸಂತೆಯಿಂದ ಒಂದು ಎತ್ತು ತಂದ. ಹೊಸದನ್ನು ಎಡಕ್ಕೆ ಕಟ್ಟಿ ಕೂರಿಗೆ ಹೂಡಿದ. ಒಂದು ಸಾಲು ಮುಗಿಯುವ ಮೊದಲೇ ಅದು ಮಲಗಿಬಿಟ್ಟಿತು.

ಹಿಂಡಿ ಕೊಟ್ಟ, ಬೆಲ್ಲ ಕೊಟ್ಟ. ತಿಂದು ಮಲಗಿತು. ಬಾಲ ತಿರುಚಿದ, ಬೆನ್ನ ಮೇಲೆ ಬಾಸುಂಡೆ ಏಳುವಂತೆ ಬಾರುಕೋಲಿನಿಂದ ಬಾರಿಸಿದ. ಹೊಡೆಸಿಕೊಂಡೂ ಮಲಗಿತು. ಆಸೆಗೂ ಏಳದು, ಅಂಜಿಕೆಗೂ ಏಳದು. ಹೊಲದ ಹದ ಆರುತ್ತಿತ್ತು. ಇದರ ಹುಟ್ಟೇ ಹೀಗೆ, ಕಟುಕನಿಗೆ ಕೊಡುವುದೇ ಸರಿ ಎಂದುಕೊಂಡು ಮರುದಿನ ಪಕ್ಕದೂರಿನ ಸಂತೆಗೆ ಹೊಡೆದುಕೊಂಡು ಹೋದ.

ಅಲ್ಲಿ ಅದನ್ನು ಮಾರಿದ್ದವನೇ ಎದುರಾದ. ತಾನು ಮಾರಿದ ಎತ್ತಿನ ಬೆನ್ನು ನೋಡಿ, ಅದು ಸೋಮಾರಿಯೆಂದು ರೈತ ಹೇಳಿದ್ದು ಕೇಳಿ ಅವನು ರೇಗಿದ.

"ಯಾವನಯ್ಯಾ ಇದನ್ನ ಸೋಮಾರಿ ಅಂದೋನು? ಎಂಟು ವರ್ಷ ನನ್ನ ಹೊಲ ಬಿತ್ತೈತೆ ಇದು. ಯಾವ ಕಡೆ ಹೂಡಿದ್ದೆ?"

"ಎಡಕ್ಕೆ."

"ಬಲಗಡೆ ಎತ್ತು ಕಣಯ್ಯಾ ಇದು! ಎಡಕ್ಕೆ ಕಟ್ಟಿದ್ರೆ ಎಲ್ಲಿಂದ ನಡೀಬೇಕು?"

"ಮಾರೋವಾಗ ಯಾಕೆ ಹೇಳಲಿಲ್ಲ?"

"ನೀನು ಕೇಳಿದ್ಯಾ? ಹಲ್ಲು ನೋಡಿದೆ, ಸುಳಿ ನೋಡಿದೆ, ಬಾಲ ಎತ್ತಿ ನೋಡಿದೆ. ನಾನು ಬಾಯಿ ತೆಗೆದ್ರೆ, ಸುಮ್ನಿರಯ್ಯಾ, ನನಗೆಲ್ಲಾ ಗೊತ್ತೈತೆ ಅಂದೆ."

ರೈತ ಎತ್ತಿನೊಡನೆ ಬಂದ ದಾರಿಯಲ್ಲೇ ಓಡಿದ. ಹೊಸದನ್ನು ಬಲಕ್ಕೂ ಅಪರಂಜಿಯನ್ನು ಎಡಕ್ಕೂ ಕಟ್ಟಿ ಹೂಡಿದ. ಹೊಸ ಎತ್ತು ನೊಗಕ್ಕೆ ಹೆಗಲು ಕೊಟ್ಟು ನಡೆಯಿತು. ರೈತನಿಗೆ ಹೋದ ಜೀವ ಬಂದಂತಾಯಿತು. ಹತ್ತು ಮಾರು ಹೋಗಿದ್ದವೋ ಇಲ್ಲವೋ, ಅಪರಂಜಿ ಮಲಗಿತು.

ರೈತ ಬಾರುಕೋಲು ಎತ್ತಿದ. ಆ ಎತ್ತಿನ ಮೇಲೆ ಅವನು ಎಂದೂ ಕೈ ಮಾಡಿದವನಲ್ಲ. ಎತ್ತಿದ ಕೈ ಹಾಗೇ ನಿಂತಿತು. ಪಕ್ಕದಲ್ಲಿ ಹೊಸ ಎತ್ತಿನ ಬೆನ್ನ ಮೇಲಿನ ಬಾಸುಂಡೆಗಳು ಇನ್ನೂ ಆರಿರಲಿಲ್ಲ. ಅವನಿಗೆ ನಾಚಿಕೆಯಾಯಿತು. ಬಾರುಕೋಲು ಬಿಸುಟು ಸಾಲಿನಲ್ಲೇ ಕುಳಿತು ಅತ್ತ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

"ಬಿತ್ತನೆ ಆಯಿತೇ, ಬುದ್ಧೀ?" ಎಂದು ರುದ್ರಮುನಿ ಕೇಳಿದ.

"ಆಯಿತು. ನೆರೆಯವನ ಎಡಗಡೆಯ ಎತ್ತನ್ನು ಎರವಲು ತಂದ. ಅದರ ಜತೆಗೆ ಒಂದು ಹೊತ್ತು ಹೊಸದನ್ನು, ಒಂದು ಹೊತ್ತು ಅಪರಂಜಿಯನ್ನು ಬಲಕ್ಕೆ ಹೂಡಿದ. ಎರಡೂ ದುಡಿದವು."

ರುದ್ರಮುನಿ ತಲೆದೂಗಿದ. ಕತೆ ಕೊಟ್ರಯ್ಯನದೆಂದು ಅವನಿಗೆ ಹೊಳೆದಿತ್ತು. ತಾನು ಅವಸರಪಟ್ಟೆನೆಂದು ಒಳಗೇ ಒಪ್ಪಿಕೊಂಡ. ಹಾಗೆ ಒಪ್ಪಿಕೊಂಡದ್ದಕ್ಕೆ ಸ್ವಲ್ಪ ಸಂತೋಷವನ್ನೂ ಪಟ್ಟ.

"ಹಾಗಾದರೆ ಅವನು ಇರಲಿ, ಬುದ್ಧೀ. ಬೇರೆ ಯಾವುದಾದರೂ ಕೆಲಸ ಕೊಟ್ಟು ನೋಡೋಣ" ಎಂದ ಉದಾರವಾಗಿ.

ಗುರುಗಳು ಹೇಳಿದರು: "ನಾಳೆಯಿಂದ ಪುರಾಣ ಅವನು ಓದಲಿ, ನೀರು ನೀನು ಸೇದು."