ಗವಿಯ ಮೇಲೆ ಕಡಲಪ್ಪನ ಹೊಟ್ಟೆಕಿಚ್ಚು

ಭೂಮಿಯ ಮಣ್ಣು ಇನ್ನೂ ಹಸಿಹಸಿಯಾಗಿದ್ದ ಕಾಲ. ಆಗ ಕಡಲಪ್ಪನಿಗೆ ಏರುವುದೂ ಗೊತ್ತಿರಲಿಲ್ಲ, ಇಳಿಯುವುದೂ ಗೊತ್ತಿರಲಿಲ್ಲ. ಬಿದ್ದಲ್ಲೇ ಬಿದ್ದಿರುತ್ತಿದ್ದ, ದೊಡ್ಡ ಸೋಮಾರಿ!

ಅವನ ನಡುವೆ ಒಂದು ಪುಟ್ಟ ನಡುಗಡ್ಡೆ. ಅಲ್ಲಿನ ಮೀನುಗಾರರು ಮಳೆಗಾಲ ಮುಗಿದು ದೋಣಿ ಇಳಿಸುವ ಮುಂಚೆ ಮೊದಲ ತೆಂಗಿನಕಾಯಿಯನ್ನು ಕಡಲಪ್ಪನಿಗೇ ಕೊಡುತ್ತಿದ್ದರು. "ನನ್ನನ್ನು ಬಿಟ್ಟರೆ ಇವರಿಗೆ ಯಾರಿದ್ದಾರೆ?" ಎಂದು ಅವನು ಬೀಗುತ್ತಿದ್ದ.

ಆದರೆ ಮಳೆನೀರು ಸುಮ್ಮನಿರಬೇಕಲ್ಲ! ನಡುಗಡ್ಡೆಯ ಬಂಡೆಯೊಳಗೆ ತೊಟ್ ತೊಟ್ ಎಂದು ಇಳಿದೂ ಇಳಿದೂ ಒಂದು ಗವಿಯನ್ನೇ ಮಾಡಿಬಿಟ್ಟಿತು. ಒಳಗೆ ಮೇಲಿನಿಂದ ಬಿಳಿಬಿಳಿ ಕಲ್ಲುಗಳು ಹಸುವಿನ ಕೆಚ್ಚಲಿನ ಹಾಗೆ ಜೋತುಬಿದ್ದವು.

ಊರಿಗೆ ಊರೇ ನೋಡಲು ಓಡಿತು. "ಅಬ್ಬಬ್ಬಾ, ಏನು ಚೆಂದ!" ಹೋದವರೇ ಮತ್ತೆ ಮತ್ತೆ ಹೋದರು. ಕಡಲಪ್ಪನ ಕಡೆ ಒಬ್ಬರೂ ತಿರುಗಿ ನೋಡಲಿಲ್ಲ.

"ಅದರಲ್ಲಿ ಅಂಥದ್ದೇನಿದೆಯೋ?" ಎಂದು ಅವನು ಗಾಳಿಯನ್ನು ಕೇಳಿದ.

"ನೀನೇ ನೋಡಬೇಕು ಮಾರಾಯ, ಹೇಳಿ ತೀರದು," ಎಂದಿತು ಗಾಳಿ.

ಕಡಲಪ್ಪನ ಹೊಟ್ಟೆ ಧಗಧಗ ಉರಿಯಿತು.

ದೋಣಿ ಇಳಿಸುವ ದಿನ ಬಂತು. ಮೀನುಗಾರ್ತಿ ಹೊನ್ನಿ ಮೊದಲ ಕಾಯಿ ಹಿಡಿದು ಬಂದಳು. ಕಡಲಪ್ಪ ಕೈ ಚಾಚಿದ. ಅವಳು ಅವನತ್ತ ನೋಡದೆ ನೇರ ಗವಿಯೊಳಗೆ ಹೋಗಿ, ಅಲ್ಲೇ ಕಾಯಿ ಇಟ್ಟುಬಿಟ್ಟಳು!

"ನನ್ನ ಕಾಯಿ! ನನ್ನ ಕಾಯಿ ಅದಕ್ಕಾ?"

ಕಡಲಪ್ಪ ಮೊದಲ ಸಲ ಎದ್ದು ನಿಂತ. ಧಡ್ ಎಂದು ಗವಿಗೆ ನುಗ್ಗಿದ. ಹೊರಗೆ ಹೋಗುವ ದಾರಿಯೇ ಮುಚ್ಚಿಹೋಯಿತು. ನೀರು ಹೊನ್ನಿಯ ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು, ಕುತ್ತಿಗೆಗೂ ಬಂತು.

ಹೊನ್ನಿ ಕಲ್ಲೊಂದನ್ನು ತಬ್ಬಿಕೊಂಡು ಕೂಗಿದಳು. "ತಪ್ಪಾಯ್ತು ಕಡಲಪ್ಪ! ಗವಿ ಚೆಂದ ಇದೆ, ಮರುಳಾಗಿಬಿಟ್ಟೆ. ಆದರೆ ಚೆಂದ ನೋಡಿದರೆ ಹೊಟ್ಟೆ ತುಂಬುತ್ತದಾ? ನನ್ನ ಮಕ್ಕಳಿಗೆ ಅನ್ನ ಹಾಕುವವನು ನೀನು. ನನ್ನನ್ನು ಮುಳುಗಿಸಿದರೆ ಅವಕ್ಕೆ ಯಾರು ಗತಿ?"

"ಹಾಗಾದರೆ ಅದಕ್ಕಿಂತ ನಾನೇ ಹೆಚ್ಚಾ?"

"ನೀನೇ ಮಾರಾಯ, ನೀನೇ!" ಎಂದು ಹೊನ್ನಿ ಕಾಯಿಯನ್ನು ಅವನ ಮೇಲೆ ತೇಲಿಬಿಟ್ಟಳು.

ಕಡಲಪ್ಪ ಕಾಯಿಯನ್ನು ಎದೆಗೊತ್ತಿಕೊಂಡು ಹಿಂದೆ ಸರಿದ. ಬದುಕಿದೆಯಾ ಬಡಜೀವವೇ ಎಂದು ಹೊನ್ನಿ ಮನೆಗೆ ಓಡಿದಳು.

ಆದರೆ ಹೊಟ್ಟೆಕಿಚ್ಚು ಅಷ್ಟಕ್ಕೇ ಆರುತ್ತದೆಯೇ? ಅರ್ಧ ದಿನ ಕಳೆಯುವುದರೊಳಗೆ ಅವನಿಗೆ ಸಂಶಯ ಶುರುವಾಯಿತು. "ನಾನು ಈಚೆ ಬಂದ ಮೇಲೆ ಕದ್ದು ಇನ್ನೊಂದು ಕಾಯಿ ಇಟ್ಟಿದ್ದರೆ?" ಮತ್ತೆ ಎದ್ದು ಹೋಗಿ ನೋಡಿದ. ಏನೂ ಇರಲಿಲ್ಲ. ಆದರೂ ನಂಬಿಕೆ ಬರಲಿಲ್ಲ.

ಅದಕ್ಕೇ ಮಕ್ಕಳೇ, ಇವತ್ತಿಗೂ ಗವಿ ನೋಡಲು ಹೋದವರನ್ನು ದೋಣಿಯವರು "ಬೇಗ ಬನ್ನಿ, ನೀರು ಏರುತ್ತದೆ" ಎಂದು ಅವಸರಪಡಿಸುತ್ತಾರೆ. ಕಡಲು ದಿನಕ್ಕೆ ಎರಡು ಸಲ ಒಳಗೆ ನುಗ್ಗಿ, ಮೂಲೆಮೂಲೆ ತಡಕಾಡಿ, ಏನೂ ಸಿಗದೆ ಗೊಣಗುತ್ತಾ ವಾಪಸ್ಸು ಹೋಗುತ್ತದೆ.