ಮಗ್ಗದ ಕುಣಿಯ ಸೊಳ್ಳೆ

ಸ್ವಲ್ಪ ಹತ್ತಿರ ಬನ್ನಿ. ಮೆಲ್ಲಗೆ ಹೇಳುತ್ತೇನೆ. ಯಾರ ಮುಂದೆಯೂ ಬಾಯಿ ಬಿಡುವುದಿಲ್ಲ ಎಂದು ಮೊದಲು ಆಣೆ ಮಾಡಿ. ಮಠದಲ್ಲಿ ಕೇಳಿದ್ದನ್ನು ಓಣಿಯಲ್ಲಿ ಹಂಚಬಾರದಂತೆ. ನಾನು ಹಂಚುತ್ತಿಲ್ಲ, ನಿಮಗೊಬ್ಬರಿಗೇ ಹೇಳುತ್ತಿದ್ದೇನೆ. ನಿಮಗಿಂತ ಮೊದಲು ಕೇಳಿದ ಇಬ್ಬರೂ ಆಣೆ ಮಾಡಿದ್ದಾರೆ.

ನನ್ನ ನಾಲಿಗೆಗೆ ಅಂಜಿ ಮೂರು ಮನೆ ಖಾಲಿಯಾದವು ಎಂದು ಜನ ಆಡಿಕೊಳ್ಳುತ್ತಾರೆ. ಸುಳ್ಳು. ಎರಡೇ ಮನೆ. ನೂಲಿಗೆ ಬಣ್ಣ ಹಾಕುವ ಗೌರಕ್ಕ ನಾನು ಅಂದ ಒಂದು ಮಾತಿಗೆ ಆರು ತಿಂಗಳು ನಲ್ಲಿಯ ಹತ್ತಿರ ಸುಳಿಯಲಿಲ್ಲ, ಆಮೇಲೆ ಊರ ಆಚೆ ಮನೆ ಮಾಡಿದಳು. ಮೂಲೆಮನೆಯ ಶಾರಕ್ಕ ತವರಿಗೆ ಹೋದವಳು ತಿರುಗಿ ಬರಲೇ ಇಲ್ಲ. ಇರಲಿ, ಅದಲ್ಲ ಈಗ ಹೇಳಬೇಕಾದದ್ದು.

ನಮ್ಮದು ನೇಕಾರರ ಓಣಿ. ಪಕ್ಕದ ಮನೆಯ ನಿಂಬೆವ್ವನ ಗಂಡ ರೇಷ್ಮೆ ಸೀರೆ ನೇಯುತ್ತಾನೆ. ಚೊಚ್ಚಲ ಹೆರಿಗೆಗೆ ಬಂದ ಮಗಳು ಸುಗಲಾ ಮಲೇರಿಯಾ ಹಿಡಿದು ದವಾಖಾನೆ ಸೇರಿದ್ದಳು. ಏಳು ತಿಂಗಳ ಬಸುರಿ. ತಾಯಿ ಉಳಿದರೂ ಕೂಸಿನ ಮಾತು ಹೇಳಲಾಗದು ಎಂದು ಡಾಕ್ಟರು ಅಂದಿದ್ದರು. ನಿಂಬೆವ್ವ ತಲೆ ಕೂಡ ಬಾಚದೆ ದವಾಖಾನೆಯಿಂದ ನೇರ ಮಠಕ್ಕೆ ಬಂದಳು. ನಾನು ಕಂಬದ ಮರೆಯಲ್ಲಿ ಹೂ ಕಟ್ಟುತ್ತಿದ್ದೆ. ನನ್ನನ್ನು ಅವಳು ನೋಡಲಿಲ್ಲ.

ಅವಳು ಮಠದ ಸ್ವಾಮಿಗಳಾದ ಅಜ್ಜಾರ ಮುಂದೆ ಕುಳಿತು ಕೇಳಿದಳು: “ಅಜ್ಜಾರ, ವರ್ಷಾ ವರ್ಷಾ ಮನಿಗೆ ಸೊಳ್ಳಿ ಔಷಧ ಹೊಡಸೀವ್ರಿ. ಮೊದಲನೇ ವರ್ಷ ಗುಡಿಸಿ ಚೆಲ್ಲುವಷ್ಟು ಸತ್ತಿದ್ದುವು. ಈಗ ಒಂದೂ ಸಾಯವಲ್ದು. ಔಷಧ ಸುಳ್ಳೋ, ನಮ್ಮ ದೈವ ಸುಳ್ಳೋ?”

ಅಜ್ಜಾರು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಅವನದು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಗೆ ಕಾಲು ಇಳಿಬಿಟ್ಟು ನೇಯಬೇಕು. ಕುಣಿಯೊಳಗೆ ಕತ್ತಲೆ, ತಂಪು. ಹಗಲೆಲ್ಲ ಸೊಳ್ಳೆಗಳು ಅಲ್ಲಿಯೇ ಅಡಗುತ್ತಿದ್ದವು. ಒಂದು ವರ್ಷ ಔಷಧ ಹೊಡೆಯುವವರು ಬಂದರು. ಮಗ್ಗದ ಮೇಲೆ ಮದುವೆಯ ಸೀರೆ ಇತ್ತು.

“ಜರಿಗೆ ಕಲೆ ಬಿದ್ದೀತು. ತೆಳ್ಳಗೆ ಹೊಡೆಯಿರಿ. ಕುಣಿಗೆ ವಾಸನೆ ಮುಟ್ಟಿದರೆ ಸಾಕು” ಎಂದು ನೇಕಾರ ಹೇಳಿದ.

ಅವರು ಹಾಗೆಯೇ ಮಾಡಿದರು. ನೂರರಲ್ಲಿ ತೊಂಬತ್ತು ಸೊಳ್ಳೆ ಸತ್ತವು. ನೇಕಾರ ಹಿಗ್ಗಿದ. ಸೀರೆಯೂ ಉಳಿಯಿತು, ಸೊಳ್ಳೆಯೂ ಹೋಯಿತು ಎಂದು ಓಣಿಯವರೆಲ್ಲ ಅವನ ದಾರಿಯನ್ನೇ ಹಿಡಿದರು.

ಹತ್ತು ಉಳಿದವು. ಅವು ಜಾಣ ಸೊಳ್ಳೆಗಳೇನೂ ಅಲ್ಲ. ಯಾವ ವಿದ್ಯೆಯನ್ನೂ ಕಲಿಯಲಿಲ್ಲ. ಅಷ್ಟು ವಿಷವನ್ನು ಅರಗಿಸುವ ಗುಣ ಹುಟ್ಟಿನಿಂದಲೇ ಅವುಗಳ ಮೈಯಲ್ಲಿತ್ತು. ನೂರರ ನಡುವೆ ಇದ್ದಾಗ ಅವನ್ನು ಕೇಳುವವರಿರಲಿಲ್ಲ. ಈಗ ಕುಣಿಯಲ್ಲಿ ಗಂಡೂ ಅವೇ, ಹೆಣ್ಣೂ ಅವೇ. ಕೂಡಿಕೊಳ್ಳಲು ಬೇರೆ ಯಾವುದೂ ಉಳಿದಿರಲಿಲ್ಲ. ಮರಿಗಳು ಹೆತ್ತವರಂತೆಯೇ ಹುಟ್ಟಿದವು.

ಎರಡನೆಯ ವರ್ಷವೂ ಮಗ್ಗದ ಮೇಲೆ ಸೀರೆ ಇತ್ತು. ಔಷಧ ತೆಳ್ಳಗೇ ಬಿತ್ತು. ಅರ್ಧ ಸತ್ತವು, ಗಟ್ಟಿಯವು ಉಳಿದವು. ಮೂರನೆಯ ವರ್ಷ ನೇಕಾರನ ಮಗಳಿಗೆ ಚಳಿಜ್ವರ ಬಂತು. ಆಗ ಅವನು ಜರಿಯನ್ನು ಮರೆತ. ಕುಣಿ ತುಂಬ ಸುರಿಯಿರಿ ಎಂದು ಕೈ ಮುಗಿದ. ಅವರು ಸುರಿದರು.

ಮರುದಿನ ಅವನು ಕುಣಿಗೆ ಕಾಲು ಇಳಿಸಿದ. ಸೊಳ್ಳೆ ಕಚ್ಚಿತು.

ಕತೆ ಮುಗಿಸಿ ಅಜ್ಜಾರು ಅಂದರು: “ಔಷಧ ಅವನ ಕೈಯಲ್ಲಿ ಜರಡಿಯಾಗಿತ್ತು ತಾಯಿ, ಅವನು ಉದುರಿದ್ದನ್ನು ನೋಡಿದ, ಉಳಿದದ್ದನ್ನು ನೋಡಲಿಲ್ಲ.”

ನಿಂಬೆವ್ವ ಎದ್ದು ಮನೆಯ ದಾರಿ ಹಿಡಿದಳು. ನಾನೂ ಹೂವನ್ನು ಅಲ್ಲಿಗೇ ಬಿಟ್ಟು ಎದ್ದೆ.

ಅಜ್ಜಾರು ‘ಒಬ್ಬ ನೇಕಾರ’ ಎಂದು ಬಿಟ್ಟರು. ದೊಡ್ಡವರು ಹೆಸರು ಹೇಳುವುದಿಲ್ಲ. ಹೇಳುವುದಕ್ಕೆ ನಾವಿದ್ದೇವಲ್ಲ! ಜರಿಗೆ ಕಲೆ ಬೀಳುತ್ತದೆ ಎಂದು ಔಷಧದವರನ್ನು ಮೊದಲು ತಡೆದವನು ನಿಂಬೆವ್ವನ ಗಂಡನೇ. ನನ್ನ ಕಿವಿಯಾರೆ ಕೇಳಿದ್ದೇನೆ. ನಮ್ಮ ಮನೆಯಲ್ಲೂ ತೆಳ್ಳಗೇ ಹೊಡೆಸಿದೆವು, ಅದು ಬೇರೆ ಮಾತು. ಕಲಿಸಿದವನು ಅವನು.

ಹೆಂಡತಿ ಮಠದಿಂದ ಬಂದು ಕತೆ ಹೇಳಿದ್ದೇ ತಡ, ಅವನು ಕತ್ತರಿ ತೆಗೆದುಕೊಂಡು ಅರ್ಧ ನೇಯ್ದ ಸೀರೆಯನ್ನು ಮಗ್ಗದಿಂದ ಕತ್ತರಿಸಿಬಿಟ್ಟ. ನೇಕಾರನ ಮನೆಯಲ್ಲಿ ಇದಕ್ಕಿಂತ ದೊಡ್ಡ ಅಪಶಕುನ ಉಂಟೇ? ಮಗ್ಗ ಬರಿದಾಯಿತು. ಔಷಧದವರನ್ನು ಕರೆಸಿದ. ಹಳೆಯದು ಬೇಡವೆಂದು ಅವರೇ ಈ ಸಲ ಬೇರೆ ಜಾತಿಯ ಔಷಧ ತಂದರು. ಅಳತೆ ತಪ್ಪದೆ ಗೋಡೆಗೂ ಕುಣಿಗೂ ಹೊಡೆಸಿದ. ಇಂಥದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡು ನಾನು ಬದುಕುವುದು ಹೇಗೆ? ಮಧ್ಯಾಹ್ನದೊಳಗೆ ಓಣಿಗೆಲ್ಲ ಗೊತ್ತಾಯಿತು.

ಎಂಟನೆಯ ದಿನ ಸುಗಲಾ ಮನೆಗೆ ಬಂದಳು. ಜ್ವರ ಬಿಟ್ಟಿತ್ತು. ಹೊಟ್ಟೆಯಲ್ಲಿ ಕೂಸು ಒದೆಯುತ್ತಿತ್ತು. ನನಗೂ ಸಮಾಧಾನವಾಯಿತು, ಸುಳ್ಳೇಕೆ ಹೇಳಲಿ. ನಾಲ್ಕು ಮೋಸಂಬಿ ಸೆರಗಿನಲ್ಲಿ ಕಟ್ಟಿಕೊಂಡು ನೋಡಲು ಹೋದೆ. ಐದಾರು ಹೆಂಗಸರು ಕುಳಿತಿದ್ದರು. ಕೇಳುವವರಿದ್ದಾಗಲೇ ಮಾತಿಗೆ ರುಚಿ.

“ಅಪ್ಪ ಜರಿ ಉಳಿಸಿಕೊಂಡ. ಮಗಳು ಹೋಗೇಬಿಡತಿದ್ದಳು ನೋಡ್ರಿ” ಎಂದೆ.

ಬೇರೆ ಯಾರಾದರೂ ಆಗಿದ್ದರೆ ಸೆರಗನ್ನು ಮುಖಕ್ಕೆ ಒತ್ತಿಕೊಂಡು ಒಳಗೆ ಓಡುತ್ತಿದ್ದರು. ನಿಂಬೆವ್ವ ಓಡಲಿಲ್ಲ. ಚಹಾದ ಬಟ್ಟಲನ್ನು ನನ್ನ ಕೈಗೆ ಕೊಟ್ಟಳು. ನನ್ನೆದುರಿಗೇ ಕಾಲು ಮಡಚಿ ಕುಳಿತಳು. ಎಲ್ಲರ ಮುಂದೆ, ನನ್ನ ಮುಖ ನೋಡಿಯೇ ಅಂದಳು:

“ದೊಡ್ಡವ್ವಾ, ನಿನ್ನ ಮಾತಿಗೆ ಸಾಯೋವರೆಲ್ಲ ಓಣಿ ಬಿಟ್ಟು ಹೋದರು. ಉಳಿದಾಕಿ ನಾನು. ನನ್ನ ಮಗಳೂ ಇಲ್ಲೇ ಹಡೀತಾಳ.”