ಮಾಬುಸಾಬನ ಜೀಪಿನ ಫ್ಯಾನು

ಶಿಷ್ಯ ಕೇಳಿದ: "ಗುರುಗಳೇ, ನೇಕಾರರ ಓಣಿಯಿಂದ ಒಬ್ಬರು ದಿನವೂ ಮಠಕ್ಕೆ ಬರುತ್ತಾರೆ. ಅವರ ಮಗಳು ತೀರಿಕೊಂಡು ಎರಡು ತಿಂಗಳಾಯಿತು. ಅವರಿಗೆ ಸಮಾಧಾನ ಹೇಳುವ ಕೆಲಸವನ್ನು ತಾವು ನನಗೆ ಒಪ್ಪಿಸಿದಿರಿ. ಮೊದಮೊದಲು ಅರ್ಧ ಗಂಟೆ ಹೇಳುತ್ತಿದ್ದೆ. ಈಗ ಒಂದು ಗಂಟೆ ಹೇಳುತ್ತೇನೆ. ದೇಹ ಯಾರಿಗೂ ಶಾಶ್ವತವಲ್ಲ ಎಂದೆ. ಅತ್ತರೆ ಹೋದವರು ಬರುವುದಿಲ್ಲ ಎಂದೆ. ಓದಿದ್ದನ್ನೆಲ್ಲ ಹೇಳಿ ಮುಗಿಸಿದೆ. ಆದರೂ ಅವರು ಬಂದಾಗ ಇದ್ದದ್ದಕ್ಕಿಂತ ಹೆಚ್ಚಿನ ಸಂಕಟದಲ್ಲಿ ಎದ್ದು ಹೋಗುತ್ತಾರೆ. ನಿನ್ನೆ ಹೊರಟವರು ಬಾಗಿಲ ಬಳಿಯ ಗೋಡೆಗೆ ಹಣೆ ಚಚ್ಚಿಕೊಂಡರು. ಇನ್ನು ನಾನು ಅವರಿಗೆ ಏನು ಹೇಳಬೇಕು?"

ಗುರುಗಳು ಓದುತ್ತಿದ್ದ ಪುಸ್ತಕ ಮುಚ್ಚಿದರು. "ಕೂತುಕೋ" ಎಂದರು. ಆಮೇಲೆ ಈ ಕತೆ ಹೇಳಿದರು.

ಮಾಬುಸಾಬ ಎಂಬ ಚಾಲಕನಿದ್ದ. ಅವನ ಬಳಿ ಒಂದು ಹಳೆಯ ಜೀಪು ಇತ್ತು. ಪ್ರತಿ ಮಂಗಳವಾರ ಮತ್ತು ಶುಕ್ರವಾರ ಅವನು ತನ್ನ ಊರಿನ ಮೂವರನ್ನು ಅರವತ್ತು ಕಿಲೋಮೀಟರು ದೂರದ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ. ಮೂವರ ಕಿಡ್ನಿಯೂ ಕೆಲಸ ನಿಲ್ಲಿಸಿತ್ತು. ಅಲ್ಲಿ ಅವರನ್ನು ನಾಲ್ಕು ತಾಸು ಯಂತ್ರದ ಪಕ್ಕ ಮಲಗಿಸಿ ರಕ್ತ ಶುದ್ಧ ಮಾಡಿ ಕಳಿಸುತ್ತಿದ್ದರು. ಒಂದು ಸರದಿ ತಪ್ಪಿದರೆ ಮೈಯಲ್ಲಿ ನೀರು ತುಂಬುತ್ತಿತ್ತು. ಉಸಿರಾಡುವುದು ಕಷ್ಟವಾಗುತ್ತಿತ್ತು.

ಮೂವರಲ್ಲಿ ಒಬ್ಬಳು ಬಾಳವ್ವ. ಅರವತ್ತು ದಾಟಿದ, ಹೊಲದಲ್ಲಿ ದುಡಿದ ಹೆಂಗಸು. ಇನ್ನೊಬ್ಬ ಶಾಲೆಯಲ್ಲಿ ಜವಾನನಾಗಿದ್ದು ನಿವೃತ್ತನಾದವನು. ಮೂರನೆಯವನು ದರ್ಜಿ. ಅವನಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ.

ಎಂಜಿನ್ನನ್ನು ತಣ್ಣಗಿಡುವುದು ರೇಡಿಯೇಟರಿನ ನೀರು. ಆ ನೀರನ್ನು ತಣ್ಣಗಿಡುವುದು ಗಾಳಿ. ಜೀಪಿನಲ್ಲಿ ಬೆಲ್ಟಿನಿಂದ ತಿರುಗುವ ಫ್ಯಾನು ಇತ್ತು. ಒಂದು ದಿನ ಅದರ ರೆಕ್ಕೆಗಳು ಮುರಿದುಹೋದವು. ಆ ಕಾಲದ ಭಾಗ ಈಗ ಎಲ್ಲಿಯೂ ಸಿಗಲಿಲ್ಲ. ಮೆಕ್ಯಾನಿಕ್ ಗುಜರಿಯಿಂದ ಕಾರೊಂದರ ಕರೆಂಟ್ ಫ್ಯಾನು ತಂದ. ರೇಡಿಯೇಟರಿಗೂ ಎಂಜಿನ್ನಿಗೂ ನಡುವೆ ಕಬ್ಬಿಣದ ಪಟ್ಟಿ ಕೊಟ್ಟು ಅದನ್ನು ಬಿಗಿದ. ಫ್ಯಾನಿನ ಎರಡು ವೈರುಗಳ ಬಣ್ಣ ಮಾಸಿತ್ತು. ಒಂದನ್ನು ಅಲ್ಲಿಗೆ, ಒಂದನ್ನು ಇಲ್ಲಿಗೆ ಸೇರಿಸಿ, ಚಾಲಕನ ಕೈಗೆ ಎಟುಕುವಂತೆ ಒಂದು ಸ್ವಿಚ್ಚು ಇಟ್ಟ. ಸ್ವಿಚ್ಚು ಒತ್ತಿದರೆ ಫ್ಯಾನು ಜೋರಾಗಿ ತಿರುಗಿತು. ಗಾಡಿ ನಿಲ್ಲಿಸಿಯೇ ಹತ್ತು ನಿಮಿಷ ಎಂಜಿನ್ ಓಡಿಸಿ ನೋಡಿದರು. ಬಿಸಿ ತೋರಿಸುವ ಮುಳ್ಳು ಅರ್ಧ ದಾಟಲಿಲ್ಲ. ಇಬ್ಬರಿಗೂ ಸಮಾಧಾನವಾಯಿತು.

ಮಂಗಳವಾರ ಊರು ದಾಟಿ ದೊಡ್ಡ ರಸ್ತೆಗೆ ಬಂದು ವೇಗ ಹಿಡಿದ ಮೇಲೆ ಮುಳ್ಳು ಅರ್ಧದ ಹತ್ತಿರ ಬಂತು. ಇನ್ನೂ ಏರದಿರಲೆಂದು ಮಾಬುಸಾಬ ಸ್ವಿಚ್ಚು ಒತ್ತಿದ. ಮುಳ್ಳು ಇಳಿಯಲಿಲ್ಲ, ಇನ್ನೂ ಏರಿತು. ಅವನು ಮರದ ಕೆಳಗೆ ನಿಲ್ಲಿಸಿದ. ನಿಂತಾಗ ಇಳಿಯಿತು. ಹೀಗೆ ನಾಲ್ಕು ಕಡೆ ನಿಲ್ಲಿಸುತ್ತ, ತಡವಾಗಿ ಆಸ್ಪತ್ರೆ ಮುಟ್ಟಿದರು. ಅಂದು ಮೂವರಿಗೂ ಎರಡೇ ತಾಸು ಸಿಕ್ಕಿತು.

"ಫ್ಯಾನು ಸಣ್ಣದಾಯಿತು" ಎಂದು ಮಾಬುಸಾಬ ಹೇಳಿದ. ಮೆಕ್ಯಾನಿಕ್ ಒಪ್ಪಿದ. ಅದನ್ನು ಬಿಚ್ಚಿ ಇನ್ನೂ ದೊಡ್ಡದನ್ನು ಕೂರಿಸಿದ. ಹಳೆಯದರ ವೈರು ಹೇಗಿತ್ತೋ ಹೊಸದಕ್ಕೂ ಹಾಗೆಯೇ ಸೇರಿಸಿದ.

ಶುಕ್ರವಾರ ಮಾಬುಸಾಬ ಹೊರಡುವಾಗಲೇ ಸ್ವಿಚ್ಚು ಒತ್ತಿದ, ಮತ್ತೆ ಆರಿಸಲಿಲ್ಲ. ಇಪ್ಪತ್ತೈದು ಕಿಲೋಮೀಟರು ಹೋಗುವಷ್ಟರಲ್ಲಿ ನೀರು ಕುದಿದು ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು. ಬೇರೆ ಗಾಡಿ ಸಿಗಲಿಲ್ಲ. ನೀರು ಆರಿದ ಮೇಲೆ ಹೊಸ ನೀರು ತುಂಬಿ, ನಿಧಾನವಾಗಿ ಊರಿಗೆ ವಾಪಸು ಬಂದರು. ಸರದಿ ತಪ್ಪಿತು.

ಭಾನುವಾರ ದರ್ಜಿಗೆ ಉಸಿರು ಸಿಕ್ಕದೆ ಹೋಯಿತು. ಯಾರದೋ ಕಾರಿನಲ್ಲಿ ಅವನನ್ನು ಆಸ್ಪತ್ರೆಗೆ ಸೇರಿಸಿದರು. ಜೀವ ಉಳಿಯಿತು, ಆದರೆ ಮೂಗಿಗೆ ಆಮ್ಲಜನಕದ ನಳಿಗೆ ಇಟ್ಟು ಮಲಗಿಸಿದರು. ಅವನ ಹೆಂಡತಿ ಬಟ್ಟೆ ತೆಗೆದುಕೊಂಡು ಹೋಗಲು ಊರಿಗೆ ಬಂದವಳು ಮಾಬುಸಾಬನ ಮನೆ ಮುಂದೆ ನಿಂತಳು. ಬೈಯಲಿಲ್ಲ. "ಅಣ್ಣಾ, ಮಂಗಳವಾರ ಗಾಡಿ ಹೋಗ್ತೈತೇನು?" ಎಂದಳು.

ಅವಳು ಹೋದ ಮೇಲೆ ಮಾಬುಸಾಬ ಊಟ ಮಾಡಲಿಲ್ಲ. ರೇಡಿಯೇಟರ್ ಬಿಚ್ಚಿ ತೊಳೆದ. ರಬ್ಬರು ನಳಿಗೆಗಳನ್ನು ಬದಲಾಯಿಸಿದ. ಮುಚ್ಚಳ ಬದಲಾಯಿಸಿದ. ಫ್ಯಾನನ್ನು ಮಾತ್ರ ಮುಟ್ಟಲಿಲ್ಲ. ಅದು ಹೊಸದು, ದೊಡ್ಡದು, ಸದ್ದು ಮಾಡಿಕೊಂಡು ತಿರುಗುತ್ತಿತ್ತು. ಫ್ಯಾನು ಆರಿಸಿ ಓಡಿಸಿ ನೋಡು ಎಂದು ಯಾರಾದರೂ ಹೇಳಿದ್ದರೆ ಅವನು ಅವರ ಮೇಲೆ ರೇಗುತ್ತಿದ್ದ.

ಮಂಗಳವಾರ ಎರಡು ತಾಸು ಮೊದಲೇ ಹೊರಟರು. ಬಾಳವ್ವ ಮತ್ತು ಜವಾನ, ಇಬ್ಬರೇ. ಅರ್ಧ ದಾರಿಯಲ್ಲಿ ಮುಳ್ಳು ಕೆಂಪು ಗೆರೆಯ ಹತ್ತಿರ ಬಂತು. ಮಾಬುಸಾಬ ಒಂದು ಸಣ್ಣ ಸೇತುವೆಯ ಬಳಿ ನಿಲ್ಲಿಸಿದ. ಮುಳ್ಳು ಇಳಿಯಲೆಂದು ಎಂಜಿನ್ನನ್ನೂ ಫ್ಯಾನನ್ನೂ ಓಡಲು ಬಿಟ್ಟು, ತಲೆಯ ಮೇಲೆ ಕೈ ಹೊತ್ತು ಕೂತ. ಬಾಳವ್ವ ಕಾಲು ಚಾಚಲು ಇಳಿದು, ಜೀಪಿನ ಮುಂದೆಯೇ ಸೇತುವೆಯ ಕಟ್ಟೆಯ ಮೇಲೆ ಕೂತಳು. ಅವಳ ಸೆರಗು ಹಾರತೊಡಗಿತು. ಅವಳು ಎರಡು ಸಲ ಸರಿಮಾಡಿಕೊಂಡಳು. ಆಮೇಲೆ ಕರೆದಳು.

"ಮಾಬು, ಈ ಗಾಳಿ ನನ್ನ ಕಡೆ ಯಾಕ ಬರಾಕತ್ತೈತಿ?"

"ಫ್ಯಾನು ಬಿಟ್ಟೀನವ್ವಾ. ತಣ್ಣಗಾಗಬೇಕಲ್ಲ."

"ಅಲ್ಲೋ ತಮ್ಮಾ, ಗಾಡಿ ಮುಂದ ಹೋಗತೈತಿ. ಗಾಳಿ ಮುಂದಿನಿಂದ ಒಳಗ ಹೋಗಬೇಕು. ಇದು ಒಳಗಿನಿಂದ ಹೊರಗ ದಬ್ಬಾಕತ್ತೈತಿ. ಜೋಳ ತೂರುವಾಗ ನಾವು ಗಾಳಿ ನೋಡಿ ನಿಲ್ಲತೀವಿ. ಎದುರಿಗೆ ನಿಂತು ತೂರಿದ್ರ ಹೊಟ್ಟು ಎಲ್ಲಾ ಮಾರಿಗೇ ಬರತೈತಿ."

ಮಾಬುಸಾಬ ಎದ್ದು ಬಂದ. ಅವಳ ಆಸ್ಪತ್ರೆ ಚೀಲದಿಂದ ಒಂದು ಚೀಟಿ ತೆಗೆದು ಜೀಪಿನ ಮುಂದಿನ ಜಾಲರಿಗೆ ಹಿಡಿದ. ಗಾಳಿ ಒಳಗೆ ಹೋಗುತ್ತಿದ್ದರೆ ಅದು ಅಂಟಿಕೊಳ್ಳಬೇಕಿತ್ತು. ಅವನ ಕೈಯಿಂದ ಹಾರಿ ರಸ್ತೆಗೆ ಬಿತ್ತು. ಎತ್ತಿಕೊಂಡು ಬಂದು ಮತ್ತೆ ಹಿಡಿದ. ಮತ್ತೆ ಹಾರಿತು.

ಅವನು ಬಾನೆಟ್ ಎತ್ತಿ, ಫ್ಯಾನು ಆರಿಸಿ, ಎರಡು ವೈರುಗಳನ್ನು ಕಿತ್ತು ಅದಲುಬದಲು ಮಾಡಿದ. ಸ್ವಿಚ್ಚು ಒತ್ತಿದಾಗ ಫ್ಯಾನು ಮೊದಲಿನದಕ್ಕೆ ವಿರುದ್ಧ ದಿಕ್ಕಿನಲ್ಲಿ ತಿರುಗಿತು. ಚೀಟಿ ಹಿಡಿದ. ಅದು ಜಾಲರಿಗೆ ಬಡಿದು ಅಂಟಿತು. ಕೈ ಬಿಟ್ಟರೂ ಬೀಳಲಿಲ್ಲ. ಮಾಬುಸಾಬ ಬಹಳ ಹೊತ್ತು ಆ ಚೀಟಿಯನ್ನು ನೋಡುತ್ತ ನಿಂತ. ಕೊನೆಗೆ ಜವಾನ ಒಳಗಿನಿಂದ, "ಹೊತ್ತಾಗ್ತದ, ನಡಿಯಪ್ಪಾ" ಎಂದ.

ಅಂದು ಅವರು ವೇಳೆಗೆ ಮುಂಚೆ ಮುಟ್ಟಿದರು. ಇಬ್ಬರಿಗೂ ಪೂರ್ತಿ ನಾಲ್ಕು ತಾಸು ಸಿಕ್ಕಿತು. ಅಷ್ಟರಲ್ಲಿ ಮಾಬುಸಾಬ ದರ್ಜಿ ಮಲಗಿದ್ದ ವಾರ್ಡಿಗೆ ಹೋದ. ಬಾಗಿಲಲ್ಲಿ ಕೂತಿದ್ದ ಅವನ ಹೆಂಡತಿಗೆ ನಡೆದದ್ದನ್ನು ಮುಚ್ಚಿಡದೆ ಹೇಳಿದ. ಗಾಡಿ ಕೆಟ್ಟಿರಲಿಲ್ಲ, ತಾನು ಹಾಕಿಸಿದ ಫ್ಯಾನೇ ಅದನ್ನು ಕುದಿಸಿತು ಎಂದ. ಅವಳು ಕೇಳಿಸಿಕೊಂಡಳು. ಕಣ್ಣು ಒರೆಸಿಕೊಂಡು, ಶುಕ್ರವಾರ ಗಂಡನನ್ನು ಮನೆಗೆ ಕಳಿಸುತ್ತಾರೆ, ಕರೆದೊಯ್ಯಲು ಬಾ ಎಂದಳು.

ಮರುದಿನ ಅವನು ಮೆಕ್ಯಾನಿಕ್ ಬಳಿ ಹೋದ. ಮೆಕ್ಯಾನಿಕ್ ದೊಡ್ಡ ಫ್ಯಾನು ಬಿಚ್ಚಿ ಮೊದಲಿನ ಸಣ್ಣದನ್ನೇ ಕೂರಿಸಿದ. ಈ ಸಲ ಕಾಗದ ಹಿಡಿದು ನೋಡಿಯೇ ವೈರು ಸೇರಿಸಿದ. ಕೈ ಸ್ವಿಚ್ಚು ತೆಗೆದು, ನೀರು ಕಾದಾಗ ತಾನೇ ಹತ್ತಿ ತಣ್ಣಗಾದಾಗ ತಾನೇ ಆರುವ ಸ್ವಿಚ್ಚು ಹಾಕಿದ. ಅದರಲ್ಲಿ ಹೆಚ್ಚು ಕಡಿಮೆ ಮಾಡಲು ಒಂದು ತಿರುಪು ಇತ್ತು. ಮೊದಲು ಇಟ್ಟ ಅಳತೆಗೆ ಫ್ಯಾನು ಆರಲೇ ಇಲ್ಲ. ತಿರುಪನ್ನು ಸ್ವಲ್ಪ ತಿರುಗಿಸಿದ. ಆಗ ಬಹಳ ತಡವಾಗಿ ಹತ್ತಿತು. ಅರ್ಧದಷ್ಟು ಹಿಂದಕ್ಕೆ ತಂದ. ಮುಳ್ಳು ನಡುವಿನ ಗೆರೆ ದಾಟಿದ ಮೇಲೆ ಹತ್ತಿ, ಗೆರೆಯ ಕೆಳಗೆ ಬಂದಾಗ ಆರಿತು. ಅಲ್ಲಿಗೆ ಬಿಟ್ಟ.

ಶುಕ್ರವಾರ ಮಾಬುಸಾಬ ಕಿವಿಗೊಟ್ಟು ಗಾಡಿ ಓಡಿಸಿದ. ದೊಡ್ಡ ರಸ್ತೆಯಲ್ಲಿ ಫ್ಯಾನು ಒಮ್ಮೆಯೂ ತಿರುಗಲಿಲ್ಲ. ರೈಲ್ವೆ ಗೇಟು ಹಾಕಿದ್ದಾಗ ಎರಡು ನಿಮಿಷ ತಿರುಗಿ ನಿಂತಿತು. ಅಷ್ಟೇ. ಬರುವಾಗ ದರ್ಜಿಯೂ ಅವರ ಜೊತೆ ಇದ್ದ, ಹೆಂಡತಿಯ ಹೆಗಲಿಗೆ ಒರಗಿ ನಿದ್ದೆ ಮಾಡಿದ. ಸಂಜೆ ಮಾಬುಸಾಬ ಮೆಕ್ಯಾನಿಕ್‌ನನ್ನು ಕೇಳಿದ: "ಅಷ್ಟು ದೊಡ್ಡ ಫ್ಯಾನು ದಾರಿಯುದ್ದಕ್ಕೂ ತಿರುಗಿದರೂ ನೀರು ಕುದಿಯುತ್ತಿತ್ತು. ಈಗ ಸಣ್ಣದು, ಅದೂ ತಿರುಗುವುದಿಲ್ಲ. ಆದರೂ ತಣ್ಣಗಿದೆ. ಯಾಕೆ?"

ಮೆಕ್ಯಾನಿಕ್ ಹೇಳಿದ: "ಗಾಡಿ ಓಡುವಾಗ ಗಾಳಿ ತಾನಾಗಿ ಬರುತ್ತದೆ, ಅಣ್ಣಾ. ಬರಲು ಬಿಟ್ಟರೆ ಸಾಕು. ನಾವು ಅದರ ಎದುರಿಗೆ ಊದುತ್ತಿದ್ದೆವು."

ಗುರುಗಳು ಕತೆಯನ್ನು ಇಲ್ಲಿಗೆ ಮುಗಿಸಿದರು.

"ಅರ್ಥವಾಯಿತು, ಗುರುಗಳೇ. ನಾನು ಆರಿಸಿದ ಮಾತುಗಳು ಸರಿಯಿಲ್ಲ. ನಾಳೆ ಅವರು ಬಂದಾಗ ಬೇರೆ ಮಾತು ಹೇಳುತ್ತೇನೆ" ಎಂದ ಶಿಷ್ಯ.

ಗುರುಗಳು ಕೇಳಿದರು: "ಅವರ ಮಗಳ ಹೆಸರೇನು?"

"ನಾನು ಕೇಳಲೇ ಇಲ್ಲ" ಎಂದ ಶಿಷ್ಯ. ಆಮೇಲೆ ತಲೆ ತಗ್ಗಿಸಿದ.